ಗುಡ್ಡದ ಮೇಲಿಂದ ಕಂಡ ಕಣ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದವನು ಯರಗುಪ್ಪಿಯ ಶಂಕ್ರಪ್ಪನ ಮನೆಯಲ್ಲಿ ಒಂದು ಹೊತ್ತೂ ಉಂಡಿರಲಿಕ್ಕಿಲ್ಲ. ಎಪ್ಪತ್ತರ ಶಂಕ್ರಪ್ಪನಿಗೂ ಅರವತ್ನಾಲ್ಕರ ಗುರವ್ವನಿಗೂ ಮಾತು ನಿಂತು ಹನ್ನೊಂದು ದಿನವಾಗಿತ್ತು. ಅಷ್ಟು ದಿನವೂ ಇಬ್ಬರೂ ಹೊಟ್ಟೆ ತುಂಬ ಉಂಡಿದ್ದರು, ಚೆನ್ನಾಗಿಯೇ ಮಲಗಿದ್ದರು, ಬೆಳಗ್ಗೆದ್ದು ಜಗಳವನ್ನು ಬಿಟ್ಟಲ್ಲಿಂದಲೇ ಹಿಡಿದಿದ್ದರು. ಇವರ ನಡುವೆ ಮಾತು ಹೊತ್ತು ಮುಟ್ಟಿಸುವ ಕೆಲಸ ಸೊಸೆ ಸುನಿತಾಳ ಪಾಲಿಗೆ ಬಂದಿತ್ತು. ಮನೆಯಲ್ಲಿ ಇರುವ ಕೆಲಸ ಸಾಲದು ಎಂಬಂತೆ.

"ಸುನಿತಾ, ನಿಮ್ಮತ್ತಿಗೆ ಹೇಳು, ಬದನಿಕಾಯಿ ಪಲ್ಲೆಕ್ಕ ಉಪ್ಪು ಬಿದ್ದಿಲ್ಲ."

"ಸುನಿತಾ, ನಿಮ್ಮ ಮಾವಗ ಹೇಳು, ಉಪ್ಪಿನ ಡಬ್ಬಿ ಅವರ ಮೊಳಕಾಲ ಬಾಜೂಕ ಐತಿ."

ಇಬ್ಬರ ನಡುವೆ ಇದ್ದದ್ದು ಒಂದು ರೊಟ್ಟಿ ಬುಟ್ಟಿಯಷ್ಟು ಜಾಗ. ಮೊದಲ ಎರಡು ದಿನ ಸುನಿತಾ ಪಾಪ, ಕೇಳಿದ್ದನ್ನು ಕೇಳಿದ ಹಾಗೇ ಈ ಕಡೆಯಿಂದ ಆ ಕಡೆಗೆ ಹೇಳಿದಳು. ಮೂರನೆಯ ದಿನದಿಂದ "ಕೇಳಿತಲ್ರಿ ಮಾವಾರ?", "ಕೇಳಿತಲ್ರಿ ಅತ್ತ್ಯಾರ?" ಎಂದಷ್ಟೇ ಕೇಳಿ ರೊಟ್ಟಿ ಬಡಿಯತೊಡಗಿದಳು.

ಜಗಳದ ಮೂಲ ಒಂದು ಗುಡ್ಡ. ಯರಗುಪ್ಪಿಯಲ್ಲಿ ಗುಡ್ಡವೆಂಬುದೇ ಇಲ್ಲ. ಊರ ಸುತ್ತ ಎರೆಹೊಲ ಹಾಸಿಬಿದ್ದಿದೆ, ಮನೆಯ ಮಾಳಿಗೆ ಹತ್ತಿದರೆ ಅದೇ ದೊಡ್ಡ ಎತ್ತರ. ಗುರವ್ವ ಹುಟ್ಟಿ ಬೆಳೆದದ್ದು ಕಲಘಟಗಿ ಕಡೆಯ ದುಮ್ಮವಾಡದಲ್ಲಿ. ಅಲ್ಲಿ ಹಿತ್ತಲ ಬಾಗಿಲಲ್ಲಿ ನಿಂತರೆ ದಿಬ್ಬ, ದಿಬ್ಬದ ಮೇಲೆ ಮತ್ತಿ, ಊಟದೆಲೆಗೆ ಬರುವ ಮುತ್ತಲದ ಗಿಡಗಳು, ಅವುಗಳ ಹಿಂದೆ ನೀಲಿ ಗುಡ್ಡದ ಸಾಲು. ಹತ್ತೊಂಬತ್ತಕ್ಕೆ ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಆಕೆ ಪಡುವಣಕ್ಕೆ ಮುಖ ಮಾಡಿ ನಿಂತು, "ಇಲ್ಲಿ ಕಣ್ಣು ಎಲ್ಲಿ ನಿಲ್ಲಸಬೇಕು?" ಎಂದು ಅಳುತ್ತಿದ್ದಳಂತೆ. ಅಷ್ಟರಲ್ಲಿ ಶಂಕ್ರಪ್ಪ ಹತ್ತಿ ಮಾರಲು ಹುಬ್ಬಳ್ಳಿಗೆ ಹೋಗಿ ಬಂದವನು ಒಂದು ಸುದ್ದಿ ತಂದ. ಈಗ ಎಲ್ಲರೂ ನೃಪತುಂಗ ಬೆಟ್ಟ ಎನ್ನುವ ಗುಡ್ಡವನ್ನು ಅವನು ಹತ್ತಿದ್ದನಂತೆ. ಮೇಲೆ ನಿಂತರೆ ಒಂದು ಬದಿಗೆ ಯರಗುಪ್ಪಿ ಕಾಣುತ್ತದೆ, ಇನ್ನೊಂದು ಬದಿಗೆ ದುಮ್ಮವಾಡ. ನಮ್ಮ ಕಣದಲ್ಲಿ ಹರವಿದ ಮೆಣಸಿನಕಾಯಿ ಕುಂಕುಮದ ಬೊಟ್ಟಿನಷ್ಟು ಕೆಂಪಗೆ ಕಂಡಿತು. ಸುಗ್ಗಿ ಮುಗಿಯಲಿ, ನಿನ್ನನ್ನೂ ಕರೆದುಕೊಂಡು ಹೋಗಿ ತೋರಿಸುತ್ತೇನೆ, ಎಂದ.

ಆ ಸುಗ್ಗಿ ಮುಗಿಯಿತು. ಅದರ ಬೆನ್ನಿಗೆ ಇನ್ನೂ ನಲವತ್ನಾಲ್ಕು ಸುಗ್ಗಿ ಮುಗಿದವು. ಗುರವ್ವ ವರ್ಷಕ್ಕೊಮ್ಮೆ ಕೇಳುತ್ತಿದ್ದಳು, ಶಂಕ್ರಪ್ಪ "ಸುಗ್ಗಿ ಮುಗೀಲಿ" ಎನ್ನುತ್ತಿದ್ದ. ಗುಡ್ಡಕ್ಕೆ ಹೋಗುವುದು ಆಗಲಿಲ್ಲ, ಗುಡ್ಡದ ಕಥೆ ಮಾತ್ರ ಬೆಳೆಯುತ್ತ ಹೋಯಿತು. ಕಟ್ಟೆಯ ಮೇಲೆ, ಮದುವೆ ಮನೆಗಳಲ್ಲಿ, ಬೀಗರ ಮುಂದೆ ಹೇಳಿ ಹೇಳಿ, ಮೊಮ್ಮಗಳು ಸವಿತಾ ಕೇಳುವ ಹೊತ್ತಿಗೆ ಅದರಲ್ಲಿ ಕಣದ ಬಾಜುವಿನ ಬೇವಿನ ಗಿಡವೂ, ಅದರ ಕೆಳಗೆ ಕಟ್ಟಿದ ಎತ್ತಿನ ಕೋಡಿನ ಬಣ್ಣವೂ ಸೇರಿಕೊಂಡಿದ್ದವು. ಹುಬ್ಬಳ್ಳಿ ಮೂವತ್ತು ಕಿಲೋಮೀಟರಿನಷ್ಟು ದೂರ ಎಂಬುದು ಊರಿಗೆಲ್ಲ ಗೊತ್ತು. ಆದರೂ ಶಂಕ್ರಪ್ಪ ನೋಡಿ ಬಂದಿದ್ದಾನೆ ಎಂದ ಮೇಲೆ ಯಾರೂ ಲೆಕ್ಕ ಹಾಕಲು ಹೋಗಲಿಲ್ಲ.

ಹೀಗಿರುವಾಗ ಈ ವರ್ಷ ಜನವರಿಯ ಮೊದಲ ವಾರ ಸುನಿತಾ ಊಟದ ಹೊತ್ತಿಗೆ ಮಾತು ತೆಗೆದಳು.

"ತಿಂಗಳ ಕೊನೇ ರವಿವಾರ ನಮ್ಮ ಸಂಘದಾಕ್ಯಾರೆಲ್ಲ ಟೆಂಪೋ ಮಾಡೇವ್ರಿ. ಕೆಂಚಕ್ಕ ಎಲ್ಲಾ ಗೊತ್ತು ಮಾಡ್ಯಾಳ. ಮುಂಜಾನೆ ನೃಪತುಂಗ ಬೆಟ್ಟ, ಅಲ್ಲಿಂದ ಧಾರವಾಡದ ಗಿಡಗಳ ತೋಟ. ಮಧ್ಯಾಹ್ನದ ಊಟಕ್ಕ ಮನೀಗೆ. ನಂದೂ ಅತ್ತ್ಯಾರ್ದೂ ಹೆಸರು ಬರಸೇನಿ."

ಗುರವ್ವನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. "ನೃಪತುಂಗ ಬೆಟ್ಟಕ್ಕ?" ಎಂದಳು. ಮುಖ ಅರಳಿ ವಯಸ್ಸು ಹತ್ತು ವರ್ಷ ಇಳಿದಿತ್ತು.

"ಯಾಕ ಬೇಕದು?" ಎಂದ ಶಂಕ್ರಪ್ಪ. "ಥಂಡಿ ದಿನ. ಮಂಜು ಬಿದ್ದಿರ್ತದ. ಈಕಿ ಮೊಳಕಾಲು ಮಾಳಿಗಿ ಹತ್ತೂದಿಲ್ಲ, ಗುಡ್ಡ ಹತ್ತತಾವೇನು?"

ಮಗ ಸಂಗನಬಸವ ಸೊಸೈಟಿಯಲ್ಲಿ ಗುಮಾಸ್ತ. ಎಲ್ಲದಕ್ಕೂ ಅವನ ಹತ್ತಿರ ಮಾಹಿತಿ ಇರುತ್ತದೆ. "ಮ್ಯಾಲಿನ ತನಕ ರಸ್ತಾ ಐತಿ ಅಪ್ಪಾ. ಆಮ್ಯಾಲ ಒಂದೀಟು ಪಾವಟಿಗಿ, ಅಷ್ಟ."

"ಮೆಣಸಿನಕಾಯಿ ಕಣದಾಗ ಬೀಳ್ತಾವ ಆಗ. ಯಾರ ನೋಡ್ಬೇಕು?"

"ನಾ ಮನ್ಯಾಗ ಓದ್ಕೋತ ಇರ್ತೇನಿ ಅಜ್ಜಾ," ಎಂದಳು ಸವಿತಾ. ಅವಳದು ಹತ್ತನೆಯ ಇಯತ್ತೆ. "ನೀನೂ ಇರ್ತಿ. ಇಬ್ರೂ ನೋಡೂಣು."

"ಆ ಖರ್ಚಿನಾಗ ಒಂದು ಸೀರಿ ಬರ್ತದ. ಸೀರಿ ಕೊಡಸ್ತೇನಿ, ಸುಮ್ನ ಮನ್ಯಾಗಿರು."

"ಸೀರಿ ಅದಾವ ನನಗ," ಎಂದಳು ಗುರವ್ವ. "ನಲವತ್ತೈದು ವರ್ಷಾತು, ಸುಗ್ಗಿ ಮುಗೀಲಿ, ಸುಗ್ಗಿ ಮುಗೀಲಿ. ನೀವೂ ಕರಕೊಂಡು ಹೋಗೂದಿಲ್ಲ, ಹೋಗಾಕಿನ್ನೂ ಬಿಡೂದಿಲ್ಲ."

"ಹೋಗಿ ಏನ್ ನೋಡ್ತಿ? ದೂರದ ಗುಡ್ಡ ನುಣ್ಣಗ. ಮ್ಯಾಲ ಹತ್ತಿದಾವರಿಗೆಲ್ಲ ಕಾಣೂದಲ್ಲ ಅದು. ನೋಡಾಕ ಕಣ್ಣು ಬೇಕು. ನಿನಗ ಮೂಡಣ ಯಾವ್ದು, ಪಡುವಣ ಯಾವ್ದು, ಅದಽ ತಿಳೀದು."

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಶಂಕ್ರಪ್ಪನಿಗೆ ಇದರಲ್ಲಿ ಅರ್ಧವಷ್ಟೇ ಬರುತ್ತಿತ್ತು. ಗುರವ್ವ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆದಳು. ಅಂದಿನಿಂದ ಗಂಡನೊಂದಿಗೆ ಮಾತು ಬಿಟ್ಟಳು. ಹೆಸರು ಮಾತ್ರ ಪಟ್ಟಿಯಲ್ಲಿ ಹಾಗೇ ಉಳಿಯಿತು.

ಸುನಿತಾಳ ತಲೆ ಕೊರೆಯುತ್ತಿದ್ದದ್ದು ಜಗಳವಲ್ಲ, ಅದರ ಕಾರಣ. ಮಾವ ಜಿಪುಣನಲ್ಲ. ಹೆಂಗಸರು ಹೊಸ್ತಿಲು ದಾಟಬಾರದು ಎನ್ನುವವನೂ ಅಲ್ಲ. ಶಿವರಾತ್ರಿಗೆ ಗುರವ್ವನನ್ನು ಹುಬ್ಬಳ್ಳಿಯ ಮಠಕ್ಕೆ ತಾನೇ ಬಸ್ಸು ಹತ್ತಿಸಿ ಬರುತ್ತಿದ್ದ. ಹಾಗಿರುವಾಗ ಈ ಒಂದು ಗುಡ್ಡದ ಮೇಲೆ ಏನು ಸಿಟ್ಟು? ಅದೂ ಅಲ್ಲದೆ, ಹೋಗಬೇಡಿ ಎಂದವನು ದಿನಕ್ಕೊಂದು ಪ್ರಶ್ನೆ ಹಿಡಿದು ಒಲೆಯ ಮುಂದೆ ಬಂದು ನಿಲ್ಲುತ್ತಿದ್ದ.

"ಎಷ್ಟ ಗಂಟೇಕ ಮ್ಯಾಲ ಹತ್ತತೀರಿ?"

"ಏಳೂವರೀಕ್ರಿ."

"ಮೊದಲ ಧಾರವಾಡಕ್ಕ ಹೋಗಿ ಬರ್ರಲ್ಲ. ಹೊತ್ತಾದ್ರ ಗುಡ್ಡ ಬಿಟ್ರಾತು."

ಮರುದಿನ ಇನ್ನೊಂದು. "ಈಗ ಹುಬ್ಬಳ್ಳ್ಯಾಗ ಬರೇ ಬಿಲ್ಡಿಂಗ್ ಎದ್ದಾವ. ನಮ್ಮ ಕಾಲದಂಗ ಈಗ ಕಾಣೂದಿಲ್ಲ, ತಿಳೀತಿಲ್ಲೋ?"

"ಬಿಲ್ಡಿಂಗಿನಕಿಂತ ಗುಡ್ಡ ಎತ್ತರ ಅಲ್ಲೇನ್ರಿ ಮಾವಾರ?"

ಅವನು ಚಹಾದ ಬಟ್ಟಲು ಎತ್ತಿಕೊಂಡು ಹೋದ. ಸುನಿತಾ ಅವನ ಬೆನ್ನನ್ನೇ ನೋಡುತ್ತ ನಿಂತಳು. ಒಲೆಯ ಮೇಲಿನ ರೊಟ್ಟಿ ಸೀದಿತು.

ಅಷ್ಟರಲ್ಲಿ ಮೆಣಸಿನಕಾಯಿ ಹೊಲದಿಂದ ಮನೆ ಬಾಜುವಿನ ಕಣಕ್ಕೆ ಬಂದವು. ಯರಗುಪ್ಪಿಯಲ್ಲಿ ಆ ತಿಂಗಳು ಗಾಳಿಗೇ ಘಾಟು. ಬಿಸಿಲೇರಿದ ಮೇಲೆ ಹರವಬೇಕು, ನಡು ನಡುವೆ ಕಾಲೆಳೆಯುತ್ತ ಸಾಲು ಸಾಲಾಗಿ ನಡೆದು, ಕೆಳಗಿನವು ಮೇಲೆ ಬರುವಂತೆ ಹೊಳ್ಳಿ ಹಾಕಬೇಕು, ಸಂಜೆ ಇಬ್ಬನಿ ಬೀಳುವ ಮೊದಲು ಗುಂಪು ಮಾಡಿ ಮುಚ್ಚಬೇಕು. ಇದೆಲ್ಲ ಹೆಂಗಸರ ಕೆಲಸ. ಶಂಕ್ರಪ್ಪ ಬೇವಿನ ಗಿಡದ ಬುಡಕ್ಕೆ ಕೂತು ಎಲೆ ಅಡಿಕೆ ಹಾಕಿಕೊಂಡು ಆಡು ಬಂದರೆ ಹಚಾ ಎನ್ನುತ್ತಿದ್ದ. ಅದನ್ನು ಕಣ ಕಾಯುವುದು ಎಂದು ಕರೆಯುತ್ತಿದ್ದರು.

ಪ್ರವಾಸಕ್ಕೆ ಎಂಟು ದಿನ ಇರುವಾಗ ಗುರವ್ವ ಊಟಕ್ಕೆ ಕೂತಲ್ಲಿಂದಲೇ ಒಂದು ಅಪ್ಪಣೆ ಹೊರಡಿಸಿದಳು.

"ಸುನಿತಾ, ನಿಮ್ಮ ಮಾವಗ ಹೇಳು. ರವಿವಾರ ಏಳೂವರೀಕ ಕಣದ ತುಂಬ ಮೆಣಸಿನಕಾಯಿ ಹರವಿರಬೇಕು. ನಾ ಮ್ಯಾಲಿಂದ ನೋಡ್ತೇನಿ."

ಶಂಕ್ರಪ್ಪ ತಂಬಿಗೆ ಎತ್ತಿದ. ನೀರು ಕುಡಿದ. "ಬಿಸಲ ಏರದ ಯಾರು ಹರವ್ತಾರ ಅಂತ ಕೇಳು. ಇಬ್ಬನಿ ಹಿಡದು ಕಪ್ಪಾಗ್ತಾವ."

"ಹಂಗಾರ ಎಂಟೂವರೀಕ ಹರವಲಿ. ನಾ ಅಲ್ಲೀತನ ಮ್ಯಾಲ ನಿಂತಿರ್ತೇನಿ ಅಂತ ಹೇಳು. ಕಣದ ನಡುವು ಖಾಲಿ ಬಿಡಬಾರ್ದು, ಕಾಣೂದಿಲ್ಲ."

"ಅವ್ವ ಹೇಳೂದು ಖರೆ ಐತಿ," ಎಂದ ಸಂಗನಬಸವ ಗಂಭೀರವಾಗಿ. "ತೆಳ್ಳಗ ಹರವಿದ್ರ ಬಣ್ಣ ಏಳೂದಿಲ್ಲ."

ಮರುದಿನ ಕಣದಲ್ಲಿ ಸುನಿತಾ ಒಬ್ಬಳೇ ಕಾಲೆಳೆಯುತ್ತ ಹೊಳ್ಳಿ ಹಾಕುತ್ತಿದ್ದಾಗ ಶಂಕ್ರಪ್ಪ ನೆರಳು ಬಿಟ್ಟು ಎದ್ದು ಬಂದ. ಮೆಣಸಿನಕಾಯಿಯ ಅಂಚಿಗೆ ನಿಂತು ಸುತ್ತ ನೋಡಿದ.

"ಸುನಿತಾ, ಒಂದು ಮಾತು. ನಿಮ್ಮತ್ತಿಗೆ ಹೇಳು ಅನ್ನೂ ಮಾತಲ್ಲ ಇದು."

"ಹೇಳ್ರಿ ಮಾವಾರ."

"ಆ ಗುಡ್ಡ ನಾ ಹತ್ತಿಲ್ಲ."

ಸುನಿತಾಳ ಕಾಲು ನಿಂತಿತು.

"ಹತ್ತಿ ಮಾರೂದ್ರಾಗ ಹೊತ್ತಾಗಿತ್ತು. ಗುಡ್ಡದ ಬುಡದಾಗ ಒಂದು ಚಾದ ಅಂಗಡಿ ಇತ್ತು. ಚಾ ಕುಡುದೆ, ಮ್ಯಾಲ ನೋಡಿದೆ, ಬಸ್ ತಪ್ಪತದ ಅಂತ ಬಂದೆ. ಮನೀಗೆ ಬಂದ್ರ ಈಕಿ ಮೂರು ದಿನದಿಂದ ಸರೀಗೆ ಉಂಡಿದ್ದಿಲ್ಲ. ನಮ್ಮವ್ವ ಒಂದಽ ಸವನ ಬೈಯಾಕತ್ತಿದ್ಲು. ಏನರ ಹೇಳಬೇಕಿತ್ತು. ಬಾಯಿಗೆ ಬಂತು, ಹೇಳಿಬಿಟ್ಟೆ. ಈಕಿ ಎದ್ದು ಮಾರಿ ತೊಳಕೊಂಡು ಒಂದೂವರಿ ರೊಟ್ಟಿ ತಿಂದ್ಲು."

"ಆಮ್ಯಾಲರ ಖರೇ ಹೇಳಬಹುದಿತ್ತಲ್ರಿ."

"ಉಂಡ ಮ್ಯಾಲ ಹ್ಯಾಂಗ ಹೇಳ್ಲಿ? ತಿಂದ ರೊಟ್ಟಿ ವಾಪಸ್ ಇಸಗೋಳಾಕ ಬರ್ತದೇನು?"

ಸುನಿತಾಳಿಗೆ ನಗು ಬಂತು, ಸಿಟ್ಟೂ ಬಂತು. ನಲವತ್ತೈದು ವರ್ಷ ಒಂದು ಹೆಣ್ಣುಜೀವ ಇಲ್ಲದ ನೋಟಕ್ಕೆ ಕಾದಿದೆ. ಇಲ್ಲಿ ಈ ಮನುಷ್ಯ ಕೈ ಹಿಸುಕುತ್ತ ನಿಂತಿದ್ದಾನೆ. ಅವನ ಅಳುಕು ಕಟ್ಟೆಯ ಮೇಲಿನ ಮರ್ಯಾದೆಗಾಗಿ ಅಲ್ಲ ಎಂಬುದು ಅವಳಿಗೆ ಕಾಣುತ್ತಿತ್ತು. ಆ ಒಂದು ಮಾತಿನ ಮೇಲೆ ಅಂದು ಎದ್ದು ಉಂಡವಳು, ಅದು ಸುಳ್ಳೆಂದು ತಿಳಿದ ದಿನ ತನ್ನನ್ನು ಹೇಗೆ ನೋಡುತ್ತಾಳೆ ಎಂಬುದು ಅವನ ಭಯ.

"ಹ್ಯಾಂಗರ ಮಾಡಿ ತಪ್ಪಸು," ಎಂದ ಶಂಕ್ರಪ್ಪ.

"ತಪ್ಪಸೂದು ಆಗೂದಿಲ್ರಿ ಮಾವಾರ. ಮಂಜು ಬೀಳ್ಲಿ ಅಂತ ಬೇಡ್ಕೋರಿ."

ರವಿವಾರ ಬೆಳಗಿನ ಐದೂವರೆಗೆ ಟೆಂಪೋ ಬಂತು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿಯ ಖಾರ, ಮೊಸರನ್ನ. ಗುರವ್ವ ಇಳಕಲ್ಲ ಸೀರೆಯುಟ್ಟು ಎಲ್ಲರಿಗಿಂತ ಮೊದಲು ಮುಂದಿನ ಸೀಟು ಹಿಡಿದಳು. ಬಾಗಿಲಲ್ಲಿ ನಿಂತ ಶಂಕ್ರಪ್ಪ, "ಸುನಿತಾ, ನಿಮ್ಮತ್ತಿಗೆ ಹೇಳು, ಮ್ಯಾಲ ಗಾಳಿ ಇರ್ತದ, ಶಾಲು ಹೊದ್ಕೊ ಅಂತ" ಎಂದ.

"ಮ್ಯಾಲ ಗಾಳಿ ಇರ್ತದ ಅಂತ ಗೊತ್ತೈತಿ ನೋಡು ಅವರಿಗೆ, ಹೋಗಿ ಬಂದಾರಲ್ಲ," ಎಂದಳು ಗುರವ್ವ. ಅವಳ ದನಿಯಲ್ಲಿ ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚಿತ್ತು. ಸುನಿತಾ ಮಾವನ ಮುಖ ನೋಡಲಿಲ್ಲ.

ಬೆಟ್ಟದ ಮೇಲೆ ಮಂಜು ಇತ್ತು. ಆದರೆ ಶಂಕ್ರಪ್ಪ ಬೇಡಿಕೊಂಡಷ್ಟು ಇರಲಿಲ್ಲ. ಮಾಳಿಗೆ ಹತ್ತದ ಮೊಳಕಾಲು ಪಾವಟಿಗೆಗಳನ್ನು ಒಂದೇ ಉಸಿರಿಗೆ ಹತ್ತಿತು. ಸಂಘದ ಹೆಂಗಸರು ಫೋಟೋ ತೆಗೆಯಲು ಗುಂಪುಗೂಡಿದರೆ ಗುರವ್ವ ನೇರ ಕಂಬಿಯ ಅಂಚಿಗೆ ಹೋಗಿ ನಿಂತಳು. ಕೆಳಗೆ ಹುಬ್ಬಳ್ಳಿ ನಿಧಾನಕ್ಕೆ ಮಂಜಿನಿಂದ ಹೊರಗೆ ಬರುತ್ತಿತ್ತು. ಮೊದಲು ಉಣಕಲ್ಲ ಕೆರೆ ಹೊಳೆಯಿತು, ಆಮೇಲೆ ಮಾಳಿಗೆಗಳ ಮೇಲಿನ ಕರಿ ನೀರಿನ ಟಾಕಿಗಳು, ಆಮೇಲೆ ಕಡ್ಡಿಪೆಟ್ಟಿಗೆಯಷ್ಟು ಸಣ್ಣ ಬಸ್ಸುಗಳು.

"ಯವ್ವಾ, ಅಷ್ಟೂ ಮನ್ಯಾಗ ಮಂದಿ ಇರ್ತಾರೇನು?" ಎಂದಳು. "ಅಷ್ಟೂ ಮನ್ಯಾಗ ಈಗ ಚಾ ಕಾಸಾಕತ್ತಿರ್ತಾರ, ಅಲ್ಲೇನು?" ಅವಳ ಕಣ್ಣಿಗೆ ನಿಲ್ಲಲು ಜಾಗ ಸಿಕ್ಕಿ, ಅದೂ ಬಹಳ ಜಾಗ ಸಿಕ್ಕಿ, ಯಾವುದನ್ನು ಮೊದಲು ನೋಡಬೇಕೆಂದು ತಿಳಿಯದೆ ಅದು ಓಡಾಡುತ್ತಿತ್ತು. ನಡುನಡುವೆ ಗಂಟೆ ಎಷ್ಟಾಯಿತು ಎಂದು ಸುನಿತಾಳನ್ನು ಕೇಳುತ್ತಿದ್ದಳು.

ಸರಿಯಾಗಿ ಎಂಟೂವರೆಗೆ ಹಣೆಗೆ ಕೈ ಅಡ್ಡ ಹಿಡಿದಳು. ಕೆಂಪು ಬೊಟ್ಟು ಎಲ್ಲೂ ಇರಲಿಲ್ಲ. ಬಾಜುವಿನಲ್ಲಿ ಕೈ ಬೀಸುತ್ತ ವ್ಯಾಯಾಮ ಮಾಡುತ್ತಿದ್ದ ಉಣ್ಣೆ ಟೋಪಿಯ ಹಿರಿಯರೊಬ್ಬರನ್ನು ಮಾತಾಡಿಸಿದಳು.

"ಅಣ್ಣಾರ, ಯರಗುಪ್ಪಿ ಯಾವ ಕಡೆ ಬರ್ತೈತ್ರಿ?"

"ಕುಂದಗೋಳದ ಯರಗುಪ್ಪಿ ಏನ್ರಿ? ಆ ಕಡೆ. ಯಾಕ್ರಿ?"

"ನಮ್ಮ ಕಣ ನೋಡಬೇಕಾಗಿತ್ತು."

ಅವರು ನಗಲಿಲ್ಲ, ಅದೊಂದು ಪುಣ್ಯ. "ಅಷ್ಟು ದೂರ ಕಾಣಂಗಿಲ್ರಿ ಯವ್ವಾ. ನಾ ಹದಿನೆಂಟು ವರ್ಷದಿಂದ ದಿನಾ ಬರ್ತೇನಿ. ಅಗದಿ ತಿಳಿ ಮುಗಿಲಿದ್ದಾಗ ಸೈತ ವಿಮಾನ ಇಳಿಯೂ ಜಾಗದ ಆಚೀಕಡೆ ಬರೇ ನೆಲ, ಬರೇ ಮುಗಿಲು."

"ದುಮ್ಮವಾಡ?"

"ಅದೂ ಇಲ್ರಿ. ಮೊದಲೂ ಕಾಣ್ತಿರಲಿಲ್ಲ."

ಗುರವ್ವ ಕಂಬಿ ಹಿಡಿದು ಮತ್ತೊಮ್ಮೆ ಆ ಕಡೆ ನೋಡಿದಳು. ಇನ್ನೊಂದು ಬದಿಯಿಂದ, ಟೆಂಪೋ ಗೊತ್ತು ಮಾಡಿದ ಕೆಂಚವ್ವ, "ಗುರವ್ವಕ್ಕಾ, ಕಾಣ್ತೇನ ನಿಮ್ಮ ಕಣ? ನನಗೇನೂ ಕಾಣವಲ್ದು" ಎಂದು ಕೂಗಿದಳು.

"ತಡಿ, ನೋಡಾಕತ್ತೇನಿ," ಎಂದ ಗುರವ್ವ ದನಿ ಇಳಿಸಿ ಸೊಸೆಯತ್ತ ತಿರುಗಿದಳು. "ನಿನಗ ಗೊತ್ತಿತ್ತೇನು?"

ಸುಳ್ಳು ಹೇಳುವುದಕ್ಕೆ ಆ ಮನೆಯಲ್ಲಿ ಒಬ್ಬರು ಸಾಕು ಎನಿಸಿತು ಸುನಿತಾಳಿಗೆ. "ಗೊತ್ತಿತ್ರಿ. ಒಂದು ವಾರದಿಂದ."

"ಆತ ಇಲ್ಲಿ ಬಂದಽ ಇಲ್ಲ?"

"ಬುಡದಾಗ ಚಾ ಕುಡುದು ಹೋಗ್ಯಾರಂತ್ರಿ."

ಸುನಿತಾಳ ಫೋನು ಬಡಿದುಕೊಂಡಿತು. ಸವಿತಾ. "ಮಮ್ಮಿ, ಅಜ್ಜ ಕೇಳಾಕತ್ತಾನ, ಕಂಡಿತೇನು ಅಂತ." ಗುರವ್ವ ಫೋನು ಇಸಿದುಕೊಂಡು, "ಮನೀಗೆ ಬಂದು ಹೇಳ್ತೇನಿ ಅಂತ ಹೇಳು ನಿಮ್ಮಜ್ಜಗ" ಎಂದು ವಾಪಸು ಕೊಟ್ಟಳು. ಧಾರವಾಡ ಬರುವ ತನಕ ಟೆಂಪೋದ ಕಿಟಕಿಯ ಕಡೆ ತಿರುಗಿದ ಅವಳ ಮುಖ ಸುನಿತಾಳಿಗೆ ಕಾಣಲೇ ಇಲ್ಲ.

ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಗಿಡಗಿಡಕ್ಕೂ ಹೆಸರಿನ ಫಲಕ. ಹೆಂಗಸರು ಒಂದೊಂದೇ ಓದುತ್ತ ಮುಂದೆ ಹೋದರು. ಸುನಿತಾ ತಿರುಗಿ ನೋಡಿದರೆ ಗುರವ್ವ ಇಲ್ಲ. ಹಿಂದೆ ಬಂದು ಹುಡುಕಿದರೆ, ಒಂದು ಮಡಿಯ ಅಂಚಿಗೆ ಸೆರಗು ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಕಸ ಕೀಳುತ್ತಿದ್ದಾಳೆ. ಸಿಟ್ಟು ಬಂದಾಗ ಗುರವ್ವನ ಕೈ ಸುಮ್ಮನಿರುವುದಿಲ್ಲ. ಆಗಲೇ ಅರ್ಧ ಮಡಿ ಸ್ವಚ್ಛವಾಗಿತ್ತು.

ಒಬ್ಬ ಮಾಲಿ ಓಡಿ ಬಂದ. "ಯವ್ವಾ, ಏನ್ ಮಾಡಾಕತ್ತೀರಿ?"

"ಉತ್ತರಾಣಿ ಎದ್ದೈತಪ್ಪಾ. ಹಿಂಗ ಬಿಟ್ರ ತೋಟ ಉಳೀತೈತೇನು?"

"ಅದು ನಾವ ಹಚ್ಚಿದ್ದು ಬೇ. ನೋಡ್ರಿ ಇಲ್ಲಿ, ಬೋರ್ಡ್ ಐತಿ."

ಗುರವ್ವ ಕೈಯಲ್ಲಿನ ಗಿಡವನ್ನೂ ಅವನನ್ನೂ ನೋಡಿದಳು. "ಉತ್ತರಾಣಿ ಹಚ್ಚಿ ಬೆಳಸ್ತಾರ? ಪಗಾರ ಕೊಟ್ಟು?"

"ಔಷಧಿ ಗಿಡ ಇದು. ಕಾಲೇಜಿನ ಹುಡುಗೂರು ನೋಡಿ ಕಲೀಲಿ ಅಂತ."

"ನಮ್ಮ ಹೊಲಕ್ಕ ಕಳಸು ಹುಡುಗೂರ್ನ. ಬೇಕಾದಷ್ಟು ಕಲೀತಾರ. ಕಲ್ತು ಕಿತ್ತು ಹೋಗ್ಲಿ."

ಮಾಲಿ ಬಾಯಿ ಬಿಟ್ಟು ನಕ್ಕ. ಕುತುಬುದ್ದೀನ ಅವನ ಹೆಸರು, ನವಲಗುಂದ ಕಡೆಯ ಯಮನೂರಿನವನು. ಅವನ ತಾಯಿಯೂ ಇಲ್ಲಿಗೆ ಬಂದಾಗ ಹೀಗೇ ಮಾಡಿದ್ದಳಂತೆ. ಮೂವರೂ ಕೂತು ಕಿತ್ತ ಉತ್ತರಾಣಿಯನ್ನು ಮತ್ತೆ ನೆಟ್ಟರು. ಗುರವ್ವ ಬೇರಿಗೆ ಮಣ್ಣು ಒತ್ತಿ ತನ್ನ ಕುಡಿಯುವ ನೀರಿನ ಬಾಟಲಿಯಿಂದಲೇ ನೀರು ಹಾಕಿದಳು. ನಲವತ್ತೈದು ವರ್ಷ ಕಿತ್ತು ಬಿಸಾಕಿದ ಗಿಡಕ್ಕೆ ನೀರು ಹಾಕುವಾಗ ಅವಳಿಗೇ ನಗು ಬಂತು.

"ಮುತ್ತಲ ಗಿಡ ಐತೇನಪ್ಪಾ ಇಲ್ಲಿ?" ಎಂದು ಕೇಳಿದಳು.

ಇತ್ತು. ತೋಟದ ಹಿಂದಿನ ಮೂಲೆಯಲ್ಲಿ, ಮತ್ತಿಯ ಬಾಜುವಿಗೆ. ಗುರವ್ವ ಹತ್ತಿರ ಹೋಗಿ ಎಲೆಯ ಬೆನ್ನನ್ನು ಹೆಬ್ಬೆರಳಿನಿಂದ ಸವರಿದಳು, ಮೂಸಿದಳು, ಕಣ್ಣು ಮುಚ್ಚಿದಳು. ಹಿಂದಿನ ದಿನ ಕತ್ತರಿಸಿದ ಟೊಂಗೆಗಳಿಂದ ಕುತುಬುದ್ದೀನ ಅಗಲವಾದ ಎಲೆಗಳನ್ನು ಆರಿಸಿ ಕೊಟ್ಟ, ಕಸಬರಿಗೆಯ ಕಡ್ಡಿಯನ್ನೂ ಕೊಟ್ಟ. ಉಳಿದವರು ಬುತ್ತಿ ಬಿಚ್ಚಿದರೆ ಗುರವ್ವ ನೆರಳಲ್ಲಿ ಕೂತು ಕಡ್ಡಿ ಚುಚ್ಚಿ ಊಟದ ಎಲೆ ಹಚ್ಚತೊಡಗಿದಳು. ಮರೆತಿರಬಹುದು ಎಂದುಕೊಂಡಿದ್ದಳು, ಬೆರಳು ಮರೆತಿರಲಿಲ್ಲ.

"ನಮ್ಮವ್ವ ದಿನಕ್ಕ ನೂರು ಹಚ್ಚತಿದ್ಲು," ಎಂದಳು.

"ಸಿಟ್ಟು ಇಳೀತೇನ್ರಿ ಅತ್ತ್ಯಾರ?"

"ಇಳಿಯೂದ್ಯಾಕ ಇಷ್ಟು ಜಲ್ದಿ? ನಲವತ್ತೈದು ವರ್ಷದ್ದೈತಿ, ಸಾವಕಾಶ ಇಳೀಲಿ." ಕಡ್ಡಿ ಮುರಿದು ಇನ್ನೊಂದು ಚುಚ್ಚಿದಳು. "ಆವತ್ತ ನಾ ಗಂಟು ಕಟ್ಟಿ ಇಟ್ಟಿದ್ದೆ, ಸುನಿತಾ. ಮುಂಜಾನೆ ಬಸ್ ಹತ್ತಿ ತವರಿಗೆ ಹೋಗಿಬಿಡಾಕಿ. ರಾತ್ರಿ ಆತ ಬಂದು ಗುಡ್ಡದ ಮಾತು ಹೇಳಿದ. ಗಂಟು ಬಿಚ್ಚಿದೆ. ಅದು ಆತಗ ಇವತ್ತಿಗೂ ಗೊತ್ತಿಲ್ಲ."

ಸುನಿತಾ ಇನ್ನೊಂದು ಎಲೆ ಆರಿಸಿ ಅತ್ತೆಯ ಕೈಗೆ ಕೊಟ್ಟಳು.

"ಮನ್ಯಾಗ ನೀ ಬಾಯಿ ತಗೀಬ್ಯಾಡ," ಎಂದಳು ಗುರವ್ವ. "ನಾ ಹೇಳ್ತೇನಿ ಹೇಳೂದು."

ಅದೇನು ಹೇಳುತ್ತಾಳೆ ಎಂಬ ಯೋಚನೆಯಲ್ಲೇ ಸುನಿತಾಳಿಗೆ ಧಾರವಾಡದಿಂದ ಯರಗುಪ್ಪಿ ಬಂದದ್ದು ತಿಳಿಯಲಿಲ್ಲ.

ಟೆಂಪೋ ಮನೆಯ ಮುಂದೆ ನಿಂತಾಗ ಎರಡು ಗಂಟೆ. ಕಣದ ತುಂಬ ಮೆಣಸಿನಕಾಯಿ. ಶಂಕ್ರಪ್ಪ ಬೇವಿನ ಗಿಡದ ಕೆಳಗಿಂದ ಎದ್ದು ನಿಂತ. ಸುದ್ದಿ ಕೇಳಲು ಕಟ್ಟೆಯ ಇಬ್ಬರು ಗೆಳೆಯರೂ ಬಂದು ಕೂತಿದ್ದರು. ಅವನು ಮೊದಲು ಸುನಿತಾಳ ಮುಖ ನೋಡಿದ. ಅವಳು ನೆಲ ನೋಡಿದಳು. ಗುರವ್ವ ಅವಸರ ಮಾಡಲಿಲ್ಲ. ಕಾಲು ತೊಳೆದಳು, ಒಂದು ತಂಬಿಗೆ ನೀರು ಕುಡಿದಳು, ಕಟ್ಟೆಗೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವ್ವಾ, ಕಂಡಿತೇನು?" ಎಂದ ಸಂಗನಬಸವ.

"ಕಂಡಿತು."

ಶಂಕ್ರಪ್ಪ ಕೆಮ್ಮಿದ. ಮೆಣಸಿನಕಾಯಿಯ ಘಾಟಿಗೆ ಇರಬೇಕು.

"ಸುನಿತಾ, ನಿಮ್ಮ ಮಾವಗ ಹೇಳು. ಕಣ ಕೆಂಪಗ ಕಂಡಿತು, ಕುಂಕುಮದ ಬೊಟ್ಟಿನಂಗ. ಆದ್ರ ಮೂಡಣ ಮೂಲ್ಯಾಗ ಬಣ್ಣ ಬ್ಯಾರೆ ಇತ್ತು. ಅಲ್ಲಿ ಹೊಳ್ಳಿ ಹಾಕಿದ್ದಿಲ್ಲ."

ಎಲ್ಲರೂ ಕಣದ ಮೂಡಣ ಮೂಲೆಗೆ ತಿರುಗಿದರು. ಬೇವಿನ ನೆರಳಿನಿಂದ ಅದೇ ಎಲ್ಲಕ್ಕಿಂತ ದೂರ.

"ಖರೇ ಆಯಿ!" ಎಂದಳು ಸವಿತಾ. ಅಜ್ಜಿಯನ್ನು ಅವಳು ಆಯಿ ಎನ್ನುತ್ತಿದ್ದಳು. "ಅಜ್ಜ ಆ ಕಡೆ ಹೋಗೇ ಇಲ್ಲ."

"ಹರವಿ ಒಂದು ಘಳಿಗಿ ಆಗಿರಲಿಕ್ಕಿಲ್ಲ, ಬೇವಿನ ಗಿಡದ ಬುಡಕ ಹೋಗಿ ಕುಂತ್ರು," ಎಂದಳು ಗುರವ್ವ. "ಎಲಿ ಅಡಕಿ ಹಾಕ್ಕೊಂಡ್ರು. ಮೂರು ಸಲ ಎದ್ದು ರಸ್ತಾದ ತನಕ ಹೋಗಿ ಟೆಂಪೋ ಬಂತೇನು ನೋಡಿ ಬಂದ್ರು, ಇನ್ನೂ ಮುಂಜಾನೆ ಇತ್ತು, ಟೆಂಪೋ ಎಲ್ಲಿಂದ ಬರ್ಬೇಕು?"

"ನಾಕು ಸಲ," ಎಂದಳು ಸವಿತಾ, ಬೆರಗಿನಿಂದ.

"ನಾಕನೇ ಸಲ ನಾ ಗುಡ್ಡ ಇಳದಿದ್ದೆ, ಕಂಡಿಲ್ಲ."

ಕಟ್ಟೆಯ ಗೆಳೆಯರು ತಲೆದೂಗಿದರು. ನಲವತ್ತೈದು ವರ್ಷದ ಮಾತಿಗೆ ಈಗ ಸಾಕ್ಷಿ ಸಿಕ್ಕಿತ್ತು. ಕೆಂಚವ್ವ ಮಾತ್ರ ಬುತ್ತಿಯ ಡಬ್ಬಿ ಹಿಡಿದು ಗಾಬರಿಯಿಂದ ನಿಂತಿದ್ದಳು. "ನಾನೂ ಅಲ್ಲೇ ನಿಂತಿದ್ದೆ ಗುರವ್ವಕ್ಕಾ. ನನಗ ಒಂದೂ ಕಾಣ್ಲಿಲ್ಲಲ್ಲ?"

"ಮ್ಯಾಲ ಹತ್ತಿದಾವರಿಗೆಲ್ಲ ಕಾಣೂದಲ್ಲ ಅದು," ಎಂದಳು ಗುರವ್ವ. "ನೋಡಾಕ ಕಣ್ಣು ಬೇಕು."

ಇದು ಸುಳ್ಳು ಎಂದು ಆ ಕಣದಲ್ಲಿ ಕೂಗಿ ಹೇಳಬಲ್ಲವನು ಶಂಕ್ರಪ್ಪನೊಬ್ಬ, ಹೇಳುವ ಹಾಗಿಲ್ಲದವನೂ ಅವನೊಬ್ಬ. ಹೆಂಡತಿಯ ಮುಖ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು, ರೆಪ್ಪೆ ಬಡಿಯದೆ. ಅವಳಿಗೆ ಎಲ್ಲ ಗೊತ್ತಾಗಿದೆ ಎಂಬುದು ಅವನಿಗೆ ಆಗ ಗೊತ್ತಾಯಿತು. ಚಪ್ಪಲಿ ಕಳಚಿಟ್ಟು, ಧೋತರ ಎತ್ತಿ ಕಟ್ಟಿ, ಯಾರ ಕಡೆಗೂ ನೋಡದೆ ಮೂಡಣ ಮೂಲೆಗೆ ನಡೆದು, ಕಾಲೆಳೆಯುತ್ತ ಮೆಣಸಿನಕಾಯಿ ಹೊಳ್ಳಿ ಹಾಕತೊಡಗಿದ. ಸಾಲು ಸೊಟ್ಟ ಬಂತು. ಯಾರೂ ತಿದ್ದಲಿಲ್ಲ.

ಬಂದವರೆಲ್ಲ ಹೋದ ಮೇಲೆ ಮನೆಯವರು ಊಟಕ್ಕೆ ಕೂತರು. ಗುರವ್ವ ಚೀಲದಿಂದ ಮುತ್ತಲ ಎಲೆ ತೆಗೆದು, ನೀರು ಚಿಮುಕಿಸಿ ಒರೆಸಿ, ಗಂಡನ ಮುಂದೆ ಹಾಸಿದಳು. ಮೇಲೆ ರೊಟ್ಟಿ ಇಟ್ಟಳು, ಚಟ್ನಿ ಹಾಕಿದಳು. ಶಂಕ್ರಪ್ಪ ರೊಟ್ಟಿಯನ್ನು ಬದಿಗೆ ಸರಿಸಿ ಎಲೆಯನ್ನು ನೋಡಿದ. ಕಡ್ಡಿ ಚುಚ್ಚಿದ ಸಾಲಿನ ಮೇಲೆ ಬೆರಳಾಡಿಸಿದ.

"ದುಮ್ಮವಾಡ?" ಎಂದು ಕೇಳಿದ. ಸುನಿತಾಳನ್ನಲ್ಲ, ನೇರ ಅವಳನ್ನೇ.

"ಅದೂ ಕಂಡಿತು."

ತಲೆ ತಗ್ಗಿಸಿ ಉಂಡ. ಒಂದೂವರೆ ರೊಟ್ಟಿ ಮುಗಿಯಿತು. ಸುನಿತಾ ಬುಟ್ಟಿಯ ಮೇಲೆ ಕೈಯಿಟ್ಟುಕೊಂಡು ಕಾದಳು. ಸಂಗನಬಸವನೂ ಏನೋ ಇದೆ ಎನಿಸಿ ಉಣ್ಣುವುದನ್ನು ನಿಲ್ಲಿಸಿದ.

"ಗುರವ್ವಾ," ಎಂದ ಶಂಕ್ರಪ್ಪ, ಎಲೆಯಿಂದ ಕಣ್ಣೆತ್ತದೆ. "ನನಗೂ ಒಮ್ಮೆ ತೋರಸ್ತೀಯೇನು?"

ಗುರವ್ವ ಬುಟ್ಟಿಯಿಂದ ಇನ್ನರ್ಧ ರೊಟ್ಟಿ ತೆಗೆದು ಅವನ ಎಲೆಗೆ ಹಾಕಿದಳು.

"ಸುಗ್ಗಿ ಮುಗೀಲಿ ತಡೀರಿ," ಎಂದಳು. "ಕರಕೊಂಡು ಹೋಗ್ತೇನಿ."